ಅತ್ತೆಯ ಕ್ಯಾಮೆರಾ, ನನ್ನ ಕ್ಯಾಮೆರಾ

ನಮ್ಮ ಅತ್ತೆಯ ಎಡಗೈ ಸದಾ ಬಾಯಿಯ ಮೇಲಿರುತ್ತಿತ್ತು. ಮಾತಾಡುವಾಗ ಸೆರಗಿನ ಅಂಚು ಹಿಡಿದ ಬೆರಳುಗಳು ತುಟಿಗೆ ಅಡ್ಡ ಬರುತ್ತಿದ್ದವು. ನಗು ಬಂದರೆ ಅಂಗೈ ಪೂರ್ತಿ ಬಾಯಿ ಮುಚ್ಚುತ್ತಿತ್ತು. ಹೀಗಾಗಿ ಮನೆಯ ಎಷ್ಟೋ ಕೆಲಸಗಳನ್ನು ಬಲಗೈ ಒಂದರಲ್ಲೇ ಮಾಡಲು ಅವರು ಕಲಿತುಬಿಟ್ಟಿದ್ದರು. ಫೋಟೋ ತೆಗೆಯುವುದೂ ಹಾಗೆಯೇ. ಬೆಳ್ಳಿಬಣ್ಣದ ಪುಟ್ಟ ಕ್ಯಾಮೆರಾವನ್ನು ಬಲಗೈಯಲ್ಲಿ ಹಿಡಿದು ಗುಂಡಿ ಒತ್ತುವಾಗ ಅದು ಕೊಂಚ ವಾಲುತ್ತಿತ್ತು. ಅತ್ತೆಯ ಫೋಟೋಗಳಲ್ಲಿ ಮನೆ, ಮರ, ಮಂದಿ ಎಲ್ಲವೂ ಒಂದು ಕಡೆಗೆ ಬಾಗಿರುತ್ತಿದ್ದವು. "ಅವ್ವಾ, ನಿನ್ನ ಫೋಟೋದಾಗ ಎಲ್ಲಾರೂ ಕಾಲುವಿಗೆ ಜಾರಿ ಬೀಳೋರಂಗ ಕಾಣ್ತಾರ ನೋಡು" ಎಂದು ನನ್ನ ಗಂಡ ರೇಗಿಸುತ್ತಿದ್ದರು. "ಬಿದ್ದಿಲ್ಲಲ್ಲ, ನಿಂತಾರಲ್ಲ" ಎಂದು ಅಂಗೈಯ ಹಿಂದಿನಿಂದ ಉತ್ತರ ಬರುತ್ತಿತ್ತು.

ಆ ಕ್ಯಾಮೆರಾ ಅವರು ಕೊಂಡದ್ದಲ್ಲ. ಮಾವ ತುಂಗಭದ್ರಾ ಡ್ಯಾಮಿನ ಕಾಲುವೆ ಕಚೇರಿಯಲ್ಲಿದ್ದರು. ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ ಶಾಲು, ಹಾರದ ಜೊತೆಗೆ ಅದನ್ನೂ ಕೊಟ್ಟಿದ್ದರು. ಮಾವ ಒಮ್ಮೆ ತಿರುಗಿಸಿ ಮುರುಗಿಸಿ ನೋಡಿ, "ಸೋಪಿನ ಡಬ್ಬಿ ಇದ್ದಂಗ ಐತಿ" ಎಂದು ಕಪಾಟಿನ ಮೇಲಿಟ್ಟವರು ಮತ್ತೆ ಮುಟ್ಟಲಿಲ್ಲವಂತೆ. ಅವರು ತೀರಿಕೊಂಡ ಮೇಲೆ ಒಂದು ದಿನ ಅತ್ತೆ ಅದನ್ನು ಕೆಳಗಿಳಿಸಿ, ಧೂಳು ಒರೆಸಿ, ಮಗನನ್ನು ಕೂರಿಸಿಕೊಂಡು ಯಾವ ಗುಂಡಿ ಯಾತಕ್ಕೆ ಎಂದು ಕೇಳಿ ತಿಳಿದುಕೊಂಡರು. ಸಂಡೂರಿಗೆ ಮದುವೆಯಾಗಿ ಹೋದ ನಮ್ಮ ನಾದಿನಿ ಕನ್ನಡಿ ಚೂರು ಹೊಲಿದ ಒಂದು ಲಂಬಾಣಿ ಕಸೂತಿಯ ಚೀಲ ತಂದುಕೊಟ್ಟಳು. ಕ್ಯಾಮೆರಾ ಅದರೊಳಗೆ, ಚೀಲ ಸೊಂಟದಲ್ಲಿ. ಮಸಾಲೆ ಅಂಗಡಿಗೆ ಹೋದರೂ, ಮಲಪನಗುಡಿಯ ನೆಂಟರ ಮನೆಗೆ ಹೋದರೂ ಆ ಚೀಲ ಅವರ ಸೊಂಟ ಬಿಡುತ್ತಿರಲಿಲ್ಲ.

ನಾನು ಕಂಪ್ಲಿಯವಳು. ಹೊಸಪೇಟೆಯ ಒಂದು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಸೂರ, ನಾಭಿ, ಪ್ರತಿಬಿಂಬ ಎಂದು ಬೋರ್ಡಿನ ಮೇಲೆ ಬರೆಯುವವಳಿಗೆ ಇರಬೇಕಾದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಗತ್ತು ನನಗಿದೆ ಎಂದು ನನ್ನ ತವರಿನವರೇ ಹೇಳುತ್ತಾರೆ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆಯ ಆ ಸೋಪಿನ ಡಬ್ಬಿ ಕಂಡು ಒಳಗೊಳಗೇ ನಕ್ಕಿದ್ದೆ. ಅದಕ್ಕೆ ಎರಡು ಪೆನ್ಸಿಲ್ ಸೆಲ್ ಬೇಕು. ಲೆನ್ಸಿನ ಮುಚ್ಚಳ ಅರ್ಧ ತೆರೆದು ನಿಲ್ಲುತ್ತದೆ, ಉಳಿದರ್ಧವನ್ನು ಉಗುರಿನಿಂದ ಸರಿಸಬೇಕು. ಸೆಲ್ ಬದಲಿಸಿದಾಗಲೆಲ್ಲ ತಾರೀಖು ಮೊದಲಿಗೇ ಹೋಗುತ್ತದೆ. ಫೋಟೋದ ಮೂಲೆಯಲ್ಲಿ ಕಿತ್ತಳೆ ಬಣ್ಣದಲ್ಲಿ ಬೀಳುವ ಆ ತಪ್ಪು ತಾರೀಖನ್ನು ಸರಿಪಡಿಸಿಕೊಡಲೇ ಎಂದು ಕೇಳಿದರೆ, "ಇರ್ಲಿ ಬಿಡವ್ವ. ನನ್ನ ಕ್ಯಾಮೆರಾಕ ವಯಸ್ಸಾಗಂಗಿಲ್ಲ" ಎಂದಿದ್ದರು.

ಕೆಲವು ವರ್ಷಗಳ ಮೇಲೆ ನಾನೂ ಒಂದು ಕೊಂಡೆ. ಕಪ್ಪು ಬಣ್ಣದ್ದು. ಅದೂ ಅಂಗೈಯಲ್ಲಿ ಹಿಡಿಸುವಷ್ಟೇ, ಆದರೆ ಅದರ ಹೊಟ್ಟೆಯಿಂದ ಹೊರಬರುವ ಲೆನ್ಸು ಮೂವತ್ತು ಪಟ್ಟು ದೂರದ್ದನ್ನು ಹತ್ತಿರ ಎಳೆಯುತ್ತಿತ್ತು. ಅಲ್ಲಿಂದ ನಮ್ಮ ಮನೆಯಲ್ಲಿ ಅತ್ತೆ ಸೊಸೆಯರ ಜಗಳ ಅಡುಗೆಮನೆ ಬಿಟ್ಟು ಕ್ಯಾಮೆರಾಕ್ಕೆ ಬಂತು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರಲ್ಲ, ನನ್ನ ಕಾಲ ಬಂದಿದೆ ಎಂದುಕೊಂಡೆ. ನಿಜವಾದ ಜಗಳವಲ್ಲ, ಬಿಡಿ. ನಾನು ಹೋಲಿಸಿ ತೋರಿಸುವುದು, ಅವರು ಒಪ್ಪದಿರುವುದು. ಮನೆ ಮುಂದಿನ ಬೇವಿನ ಮರದ ಗಿಳಿಯನ್ನು ನಾನು ಅಂಗಳದಿಂದಲೇ ತೆಗೆದು, ಅದರ ಕೊಕ್ಕಿನ ಮೇಲಿನ ಗೆರೆ ತೋರಿಸಿದೆ. ಅವರ ಕ್ಯಾಮೆರಾದಲ್ಲಿ ಅದೇ ಗಿಳಿ ಒಂದು ಹಸಿರು ಚುಕ್ಕಿ. ಮುಸ್ಸಂಜೆ ದೀಪ ಹಚ್ಚಿದಾಗ ನನ್ನದರಲ್ಲಿ ದೇವರಮನೆ ಇದ್ದ ಹಾಗೇ ಬರುತ್ತದೆ, ಅವರದರಲ್ಲಿ ಫ್ಲ್ಯಾಶ್ ಬೆಳಕಿಗೆ ದೇವರೇ ಕಣ್ಣು ಕುಕ್ಕಿಸಿಕೊಂಡಂತೆ ಕಾಣುತ್ತಾನೆ. ಅತ್ತೆ ಎಲ್ಲವನ್ನೂ ಶ್ರದ್ಧೆಯಿಂದ ನೋಡಿ, "ಭಾಳ ಚಲೋ ಐತಿ ನಿಂದು. ಆದ್ರ ಗಿಳಿಗೆ ಗೊತ್ತೇನವ್ವ, ನೀ ಇಷ್ಟ್ ಹತ್ರ ಬಂದೀ ಅಂತ?" ಎಂದರು. ಗಿಳಿಗೆ ಯಾಕ್ರೀ ಗೊತ್ತಾಗಬೇಕು ಎಂದು ನಾನು ಬಾಯಿ ಮಾಡಿದೆ.

ಅವರ ರೀತಿಯೇ ಬೇರೆ. ಅವರ ಕ್ಯಾಮೆರಾದಲ್ಲಿ ದೂರದಿಂದ ತೆಗೆದರೆ ಏನೂ ಕಾಣುವುದಿಲ್ಲವಾದ್ದರಿಂದ ಹತ್ತಿರವೇ ಹೋಗಬೇಕು. ಹತ್ತಿರ ಹೋದ ಮೇಲೆ ಮಾತಾಡಿಸದೆ ಇರಲಾಗುವುದಿಲ್ಲ. ಹೂವಿನವಳ ಎದುರು ಕುಕ್ಕರಗಾಲಲ್ಲಿ ಕೂತು ಅವಳ ಮೊಮ್ಮಗನ ಹಲ್ಲುನೋವಿನ ವಿಚಾರ ಕೇಳಿ, ಆಮೇಲೆ "ಒಂದು ತಗೀಲೇನವ್ವ?" ಎನ್ನುತ್ತಿದ್ದರು. ತೆಗೆದ ಕೂಡಲೇ ಪರದೆಯನ್ನು ಅವಳ ಕಡೆಗೆ ತಿರುಗಿಸಿ ಕೇಳುತ್ತಿದ್ದರು, "ಹಿಂಗ ಬಂದಿ ನೋಡು. ಇಡ್ಲೇನು, ಅಳಸ್ಲೇನು?" ಅಳಿಸು ಎಂದರೆ ಅವಳ ಎದುರಿಗೇ ಅಳಿಸಿ, ಮತ್ತೊಮ್ಮೆ ಪರದೆ ತೋರಿಸಿ, ಹೋದದ್ದನ್ನು ಖಾತ್ರಿ ಮಾಡಿಸಿಯೇ ಏಳುತ್ತಿದ್ದರು. ಬಸ್ ಕಂಡಕ್ಟರನಿಗೂ ಇದೇ, ಹಪ್ಪಳ ಮಾಡಲು ಸೇರಿದ ಓಣಿಯ ಹೆಂಗಸರಿಗೂ ಇದೇ. ಹಪ್ಪಳದ ದಿನವಂತೂ ಒಬ್ಬರಿಗೆ ಕಣ್ಣು ಮುಚ್ಚಿದೆ, ಇನ್ನೊಬ್ಬರಿಗೆ ಹೊಟ್ಟೆ ಕಾಣುತ್ತಿದೆ ಎಂದು ತೆಗೆದದ್ದೆಲ್ಲ ಅಳಿಸಿ, ಕೊನೆಗೆ ಉಳಿದದ್ದು ಹಪ್ಪಳದ ಫೋಟೋ ಮಾತ್ರ.

ಇನ್ನೊಂದು ಪದ್ಧತಿಯಿತ್ತು. ಮೂರು ಮಂದಿ ನಿಂತರೆ ಅತ್ತೆ ಫೋಟೋ ತೆಗೆಯುತ್ತಿರಲಿಲ್ಲ. ಮೂವರು ನಿಂತು ತೆಗೆಸಿಕೊಂಡರೆ ಒಬ್ಬರಿಗೆ ಕೇಡು ಎಂಬ ಮಾತು ನಮ್ಮ ಕಡೆ ಇದೆಯಲ್ಲ, ಅದಕ್ಕೆ. ನಾನು, ಗಂಡ, ಮಗಳು ಸಾಲಾಗಿ ನಿಂತರೆ ಓಣಿಗೆ ಹೋಗಿ ಯಾರಾದರೂ ಸಿಗುತ್ತಾರೋ ಎಂದು ನೋಡುತ್ತಿದ್ದರು. ಯಾರೂ ಸಿಗದಿದ್ದರೆ ಪಕ್ಕದ ಮನೆಯ ಕರುವನ್ನಾದರೂ ಹಿಡಿದು ತಂದು ನಿಲ್ಲಿಸುತ್ತಿದ್ದರು. ನಮ್ಮ ಸಂಸಾರದ ಒಳ್ಳೆಯ ಫೋಟೋ ಒಂದರಲ್ಲಿ ಈಗಲೂ ಕರು ನನ್ನ ಸೀರೆಯ ಸೆರಗು ಮೆಲ್ಲುತ್ತಿದೆ. "ಅತ್ತಿ, ನೀವs ಬಂದು ನಿಂದ್ರಿ, ನಾಕಾಗತೈತಿ, ನಾ ತಗೀತೀನಿ" ಎಂದರೆ, "ನಾನ್ಯಾಕ ಬಿಡವ್ವ" ಎಂದು ಎಡಗೈ ಬಾಯಿಗೆ ಹೋಗುತ್ತಿತ್ತು.

ಆ ಕೈಯ ಕಥೆಯನ್ನು ನಾದಿನಿ ಹೇಳಿದ್ದಳು. ಅತ್ತೆಯ ತವರು ಬಂಡ್ರಿಯ ಆಚೆಗಿನ ಒಂದು ಹಳ್ಳಿ. ಚಿಕ್ಕಂದಿನಲ್ಲಿ ಕುಡಿದ ಬಾವಿ ನೀರಿಗೋ ಏನೋ, ಹಲ್ಲೆಲ್ಲ ಕಂದುಬಣ್ಣಕ್ಕೆ ತಿರುಗಿದ್ದವು. ಹೆಣ್ಣು ನೋಡಲು ಬಂದವರ ಮುಂದೆ ಬಾಯಿ ತೆರೆಯಬೇಡ ಎಂದು ಅವರ ಅವ್ವ ಕಲಿಸಿದ್ದಳು. ಮದುವೆಯಾಗಿ ಬಂದ ಮೇಲೆ ಗೊತ್ತಾಗಿ ಈ ಮನೆಯವರು ಆಡಿಕೊಂಡಿದ್ದರು. ಮುಂದೆ ಹಲ್ಲುಗಳೆಲ್ಲ ಅಲ್ಲಾಡಿ, ಕೀಳಿಸಿ, ಹೊಸಪೇಟೆಯ ಡಾಕ್ಟರ ಹತ್ತಿರ ಹಲ್ಲಿನ ಸೆಟ್ಟು ಕಟ್ಟಿಸಿಕೊಂಡಾಗ ಬಾಯಿ ತುಂಬ ಬಿಳಿ ಹಲ್ಲು ಬಂದವು. ಆದರೂ ಕೈ ಕೆಳಗಿಳಿಯಲಿಲ್ಲ. ಈಗ ಹಲ್ಲು ಕಟ್ಟಿಸಿದ್ದು ಎಂದು ಗೊತ್ತಾದೀತೆಂಬ ನಾಚಿಕೆ. ಅಡುಗೆಮನೆಯ ಕಿಟಕಿಯಲ್ಲಿ ಅವರದೊಂದು ಸ್ಟೀಲ್ ಬಟ್ಟಲು ಇರುತ್ತಿತ್ತು. ಮಲಗುವ ಮುಂಚೆ ನೀರು ಹಾಕಿ, ಸೆಟ್ಟು ಇಟ್ಟು, ಮೇಲೆ ತಟ್ಟೆ ಮುಚ್ಚುತ್ತಿದ್ದರು. ಅದನ್ನು ನೋಡಿಯೂ ನೋಡದಂತಿರುವುದು ನಮ್ಮ ಮನೆಯ ರಿವಾಜು. ನಾದಿನಿಯ ಗಂಡನಿಗೆ, ಈ ಮನೆಯ ಅಳಿಯನಿಗಂತೂ ಅದು ಗೊತ್ತೇ ಇರಲಿಲ್ಲ. ಅಳಿಯ ಬಂದರೆ ಅತ್ತೆಯಾದವಳು ಬಾಗಿಲ ಮರೆಯಲ್ಲಿ ನಿಂತು, ತಲೆಯ ಮೇಲೆ ಸೆರಗು ಹೊದ್ದು ಮಾತಾಡುವ ಮನೆತನ ಇದು.

ಇಷ್ಟು ಗೊತ್ತಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು. ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಒಂದು ಭಾನುವಾರ ಎಲ್ಲರೂ ಬುತ್ತಿ ಕಟ್ಟಿಕೊಂಡು ಹಂಪಿಗೆ ಹೋಗಿದ್ದೆವು. ಸಂಡೂರಿನಿಂದ ನಾದಿನಿ, ಅಳಿಯ ಬಂದಿದ್ದರು. ಹೊಳೆಯ ಬಂಡೆಗಳ ನೆರಳಲ್ಲಿ ಕೂತು ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರನ್ನ ಉಂಡೆವು. ಉಂಡ ಮೇಲೆ ನಾನು ಎತ್ತರದ ಒಂದು ಗುಂಡುಬಂಡೆಯ ಮೇಲೆ ಹತ್ತಿ ಕೂತೆ. ಜೂಮ್ ಎಷ್ಟು ದೂರ ಹೋಗುತ್ತದೆ ಎಂದು ಅಳಿಯನಿಗೆ ತೋರಿಸಿ ಜಂಬ ಕೊಚ್ಚಬೇಕಾಗಿತ್ತು. ಆಚೆ ದಂಡೆ, ಹರಿಗೋಲಿನವನ ತಲೆಯ ಟವೆಲ್ಲು, ದೂರದ ಗುಡಿಯ ಕಳಸ, ಒಂದೊಂದನ್ನೇ ಎಳೆದೆಳೆದು ತೆಗೆಯುತ್ತಿದ್ದೆ. ಹಾಗೆ ತಿರುಗಿಸುವಾಗ ಕೆಳಗೆ, ಬಂಡೆಯೊಂದರ ಮರೆಯಲ್ಲಿ, ಅತ್ತೆ ಸಿಕ್ಕರು.

ಶೇಂಗಾ ಚೂರು ಸಿಕ್ಕಿಕೊಂಡಿತ್ತೋ ಏನೋ, ಯಾರಿಗೂ ಕಾಣದ ಜಾಗ ಹುಡುಕಿ, ನೀರಿನಂಚಿನಲ್ಲಿ ಕೂತು ಹಲ್ಲಿನ ಸೆಟ್ಟು ತೊಳೆಯುತ್ತಿದ್ದರು. ಒಂದು ಕೈಯಲ್ಲಿ ಸೆಟ್ಟು, ಇನ್ನೊಂದು ಕೈಯಲ್ಲಿ ನೀರಿಗೆ ಬೀಳದಂತೆ ಎತ್ತಿ ಹಿಡಿದ ನಿರಿಗೆ. ಅಷ್ಟರಲ್ಲಿ ಎದುರಿನ ಬಂಡೆಗೆ ಒಂದು ಮಂಗ ಬಂತು. ಯಾರೋ ಮಿಂದು ಒಣಹಾಕಿದ ಪಂಚೆಯನ್ನು ಎಳೆದು, ಥೇಟ್ ಮುದುಕಪ್ಪನ ಹಾಗೆ ತಲೆಯ ಮೇಲಿಂದ ಹೊದ್ದುಕೊಂಡು ಅತ್ತೆಯನ್ನೇ ದಿಟ್ಟಿಸುತ್ತ ಕೂತಿತು. ಅತ್ತೆ ನಕ್ಕರು. ಎರಡೂ ಕೈಗೆ ಕೆಲಸವಿತ್ತು, ಬಾಯಿ ಮುಚ್ಚಲು ಕೈ ಉಳಿದಿರಲಿಲ್ಲ. ಮದುವೆಯಾಗಿ ಅಷ್ಟು ವರ್ಷವಾದರೂ ಅವರ ನಗುವನ್ನು ನಾನು ನೋಡಿದ್ದು ಅದೇ ಮೊದಲು. ಹೇಗೆ ನಕ್ಕರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆಗ ಗುಂಡಿ ಒತ್ತಿ ಫೋಟೋ ತೆಗೆದದ್ದೇ ಸಾಕು.

ನಾನು ತೆಗೆದ ಫೋಟೋಗಳಲ್ಲೆಲ್ಲ ಅದೇ ಒಳ್ಳೆಯದು ಎಂದು ಅಲ್ಲೇ ಗೊತ್ತಾಯಿತು. ಆ ಹುರುಪಿನಲ್ಲಿ ನನ್ನ ಬುದ್ಧಿ ಎತ್ತ ಮೇಯಲು ಹೋಗಿತ್ತೋ ಕಾಣೆ. ಸಂಜೆ ಮನೆಗೆ ಬಂದು ಚಹಾ ಕುಡಿಯುತ್ತ, ಕ್ಯಾಮೆರಾವನ್ನು ಟೀವಿಗೆ ಜೋಡಿಸಿ ಒಂದೊಂದೇ ಫೋಟೋ ಸರಿಸತೊಡಗಿದೆ. ಕಳಸಕ್ಕೆ, ಹರಿಗೋಲಿಗೆ ಅಳಿಯ "ಮಸ್ತ್ ಬಂದೈತ್ರಿ" ಅನ್ನುತ್ತಿದ್ದ. ಮುಂದಿನದು ಯಾವುದು ಎಂದು ನನಗೆ ಗೊತ್ತಿತ್ತು. ಅದನ್ನು ದಾಟಿಸಬಹುದಾಗಿತ್ತು. ಎಲ್ಲರೂ ಆಹಾ ಅನ್ನುತ್ತಾರೆ, ಅತ್ತೆಯೂ ನೋಡಿ ಹಿಗ್ಗುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡು ಗುಂಡಿ ಒತ್ತಿದೆ.

ಗೋಡೆಯ ಟೀವಿಯ ತುಂಬ ಅತ್ತೆಯ ಬಾಯಿ. ಕೈಯಲ್ಲಿ ಹಲ್ಲಿನ ಸೆಟ್ಟು.

ಯಾರೂ ಆಹಾ ಅನ್ನಲಿಲ್ಲ. ಅಳಿಯ ತಲೆ ತಗ್ಗಿಸಿ ಚಹಾದ ಕಪ್ಪು ನೋಡತೊಡಗಿದ. ಆಗಿನ್ನೂ ಸಣ್ಣವಳಾಗಿದ್ದ ನನ್ನ ಮಗಳು ಕುಣಿಯುತ್ತ, "ಅಜ್ಜಿಗೆ ಹಲ್ಲs ಇಲ್ಲ! ಅಜ್ಜಿಗೆ ಹಲ್ಲs ಇಲ್ಲ!" ಎಂದು ಕೂಗಿದಳು. ಬಾಗಿಲ ಮರೆಯಲ್ಲಿ ನಿಂತಿದ್ದ ಅತ್ತೆ ಒಳಗೆ ಹೋದರು. ನಾನು ಫೋಟೋ ಸರಿಸಿದೆ. ಮುಂದಿನದರಲ್ಲಿ ಪಂಚೆ ಹೊದ್ದ ಮಂಗ ಇತ್ತು. ಅದಕ್ಕೂ ಯಾರೂ ನಗಲಿಲ್ಲ.

ಅವರೆಲ್ಲ ಸಂಡೂರಿಗೆ ಹೊರಟ ಮೇಲೆ ಅಡುಗೆಮನೆಗೆ ಹೋದೆ. ಅತ್ತೆ ಆ ಕಡೆ ಮುಖ ಮಾಡಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದರು.

"ಅತ್ತಿ, ತಪ್ಪಾತ್ರಿ" ಎಂದೆ.

"ಅಳಿಯ ನೋಡಿದ್ನಲ್ಲವ್ವ" ಎಂದರು. ಹಿಟ್ಟಿನ ಮುದ್ದೆ ತಿರುವಿ ಹಾಕಿ, "ಅದನ್ನ ಅಳಸಿಬಿಡು" ಎಂದರು.

"ಈಗs ಅಳಸ್ತೀನ್ರಿ."

ಅವರ ಬೆನ್ನ ಹಿಂದೆ ನಿಂತು ಕಸದ ಬುಟ್ಟಿಯ ಗುರುತಿನ ಗುಂಡಿ ಒತ್ತಿದೆ. ಅಳಿಸಬೇಕೇ ಎಂದು ಕ್ಯಾಮೆರಾ ಕೇಳಿತು. ಫೋಟೋ ನೋಡಿದೆ. ಇಂಥದ್ದು ಮತ್ತೆ ಸಿಗುವುದಿಲ್ಲ ಅನ್ನಿಸಿತು. ಬೇಡ ಎಂದು ಒತ್ತಿ, "ಅಳಸಿದೆ ಅತ್ತಿ" ಎಂದೆ. ಹೂವಿನವಳಿಗೆ ತಿರುಗಿಸಿ ತೋರಿಸುತ್ತಿದ್ದ ಅತ್ತೆ, ನನ್ನ ಪರದೆಯನ್ನು ತೋರಿಸು ಎಂದು ಕೇಳಲಿಲ್ಲ. ಹಿಟ್ಟಿನ ಕೈಯಲ್ಲೇ ಸೆರಗು ಸರಿ ಮಾಡಿಕೊಂಡು, "ಹ್ಞೂಂ, ಉಣ್ಣಾಕ ಕರಿ ನಿನ್ನ ಗಂಡನ್ನ" ಎಂದರು.

ಆಮೇಲೆ ಆ ಮಾತು ಬರಲೇ ಇಲ್ಲ, ಒಂದು ಸಲ ಬಿಟ್ಟರೆ. ಯಾವುದೋ ಹಬ್ಬದ ಮುನ್ನಾದಿನ ಸೊಪ್ಪು ಸೋಸುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ ಕೇಳಿದರು, "ನೀ ಸಾಲ್ಯಾಗ ಕಲಿಸಾಕಿ, ನಿನಗ ಗೊತ್ತಿರತೈತಿ. ಕ್ಯಾಮೆರಾದಾಗ ಅಳಸಿದ್ದು ಮತ್ತ ಬರತೈತೇನವ್ವ?"

ಬರುತ್ತದೆ. ಕಂಪ್ಯೂಟರಿಗೆ ಹಾಕಿ ಅಳಿಸಿದ್ದನ್ನೂ ಎತ್ತಬಹುದು ಎಂದು ನನಗೆ ಗೊತ್ತಿತ್ತು. ಅಳಿಸಿಯೇ ಇಲ್ಲ ಎಂಬುದೂ ಗೊತ್ತಿತ್ತು. "ಇಲ್ರಿ ಅತ್ತಿ, ಹೋತಂದ್ರ ಹೋತು" ಎಂದೆ.

"ನೀ ಅಂದ್ಮ್ಯಾಲ ಮುಗೀತು" ಎಂದು ಸೊಪ್ಪಿನ ದಂಟು ಮುರಿದರು. ಆದರೂ ಅಳಿಸಲಿಲ್ಲ. ಕಂಪ್ಯೂಟರಿಗೂ ಹಾಕಲಿಲ್ಲ, ಯಾರಾದರೂ ನೋಡಿಯಾರೆಂಬ ಅಂಜಿಕೆ. ಅವರು ಗುಡಿಗೆ ಹೋದಾಗ, ಮನೆಯಲ್ಲಿ ಯಾರೂ ಇಲ್ಲದಾಗ, ಕದ್ದು ತಿನ್ನುವವಳ ಹಾಗೆ ಒಮ್ಮೊಮ್ಮೆ ತೆಗೆದು ನೋಡುತ್ತಿದ್ದೆ. ಇತ್ತ ಅತ್ತೆ ತಮ್ಮ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಮೊದಲಿನ ಹಾಗೇ ಓಡಾಡುತ್ತಿದ್ದರು. ಬದಲಾದದ್ದು ಒಂದೇ. ನಾನು ಕ್ಯಾಮೆರಾ ಎತ್ತಿದರೆ ಸಾಕು, ಎಷ್ಟೇ ದೂರವಿದ್ದರೂ, ಮಾತು ನಿಲ್ಲಿಸಿ ಎದ್ದು ಒಳಗೆ ಹೋಗುತ್ತಿದ್ದರು. ಗಿಳಿಗೆ ಕಡೆಗೂ ಗೊತ್ತಾಗಿತ್ತು.

ಅತ್ತೆ ತೀರಿಹೋದದ್ದೂ ಹಾಗೆಯೇ, ಇದ್ದಕ್ಕಿದ್ದಂತೆ ಎದ್ದು ಹೋದ ಹಾಗೆ. ಒಂದು ಬೆಳಿಗ್ಗೆ ಎದ್ದು ಅಂಗಳಕ್ಕೆ ನೀರು ಹಾಕಿ, ಎದೆ ಹಿಡಿದಂಗಾಗತೈತಿ ಎಂದು ಗೋಡೆಗೆ ಒರಗಿ ಕೂತರು. ಆಟೋ ತರುವಷ್ಟರಲ್ಲಿ ಮುಗಿದಿತ್ತು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೀಯಿಸಿ, ವಿಭೂತಿ ಹಚ್ಚಿ, ಹೊಸ ಸೀರೆ ಉಡಿಸಿ, ಹೂ ಮುಡಿಸಿ, ಗೋಡೆಗೆ ಆನಿಸಿ ಕೂರಿಸುತ್ತೇವೆ. ಬಂದವರೆಲ್ಲ ಎದುರಿಗೆ ನಿಂತು ಮುಖ ನೋಡುತ್ತಾರೆ. ಮಣ್ಣಿಗೆ ಒಯ್ಯುವ ಮುಂಚೆ ಮನೆಯವರು ಪಕ್ಕದಲ್ಲಿ ನಿಂತು ಒಂದು ಫೋಟೋ ತೆಗೆಸಿಕೊಳ್ಳುವುದೂ ಉಂಟು. ಮೀಯಿಸುವಾಗ ನಾನು ಕಿಟಕಿಯ ಬಟ್ಟಲು ತಂದೆ. ಓಣಿಯ ಹಿರಿಯಾಕೆಯೊಬ್ಬಳು ತಡೆದಳು, "ಅದು ಹುಟ್ಟಿದಾಗ ಬಂದಿದ್ದಲ್ಲ, ಬ್ಯಾಡ ಬಿಡವ್ವ. ಹಂಗs ಹೋಗ್ಲಿ."

"ಅಳಿಯ ಬಂದು ಮುಂದ ನಿಂದ್ರತಾನ್ರಿ. ಬ್ಯಾಡ ಅನಬ್ಯಾಡ್ರಿ" ಎಂದೆ. ನನ್ನ ದನಿ ಕೇಳಿ ಆಕೆ ಪಕ್ಕಕ್ಕೆ ಸರಿದಳು. ನಾನೇ ಸೆಟ್ಟು ಕೂರಿಸಿ, ತುಟಿ ಕೂಡಿಸಿದೆ.

ಫೋಟೋ ತೆಗೆಯಲು ಅತ್ತೆಯ ಕ್ಯಾಮೆರಾವನ್ನೇ ಹಿಡಿದೆ. ನನ್ನದನ್ನು ಅವರ ಮುಂದೆ ಎತ್ತುವ ಮುಖ ನನಗಿರಲಿಲ್ಲ. ಲೆನ್ಸಿನ ಮುಚ್ಚಳವನ್ನು ಉಗುರಿನಿಂದ ಸರಿಸಿ, ಹತ್ತಿರ ಹೋದೆ. ಒಂದು ಕಡೆ ಗಂಡ, ಇನ್ನೊಂದು ಕಡೆ ನಾದಿನಿ, ಕಾಲ ಬಳಿ ನನ್ನ ಮಗಳು. ಯಾರೋ ಹಿಂದಿನಿಂದ, "ಮೂರು ಮಂದಿ ಬ್ಯಾಡ್ರಿ, ಇನ್ನೊಬ್ರು ನಿಂದ್ರಿ" ಎಂದರು. ಮಗಳು ತಲೆ ಎತ್ತಿ, "ನಾಕು ಮಂದಿ ಅದೀವಲ್ಲ. ಅಜ್ಜಿ ಅದಾಳಲ್ಲ" ಎಂದಳು. ಅಷ್ಟು ಹೊತ್ತು ತಡೆದಿದ್ದ ನನ್ನ ಗಂಡ ಆಗ ಅತ್ತರು. ಆ ಫೋಟೋ ಕೂಡ ಬಾಗಿಯೇ ಬಂತು.

ಕಾರ್ಯದ ದಿನ ಹತ್ತಿರ ಬಂದಂತೆ ಗೋಡೆಗೆ ಹಾಕಲು ಒಂದು ಫೋಟೋ ಬೇಕಾಯಿತು. ಬದುಕಿದ್ದಾಗಿನದು. ಹುಡುಕಿದರೆ ಒಂದೂ ಇಲ್ಲ. ಅವರ ಕ್ಯಾಮೆರಾದಲ್ಲಿ ಊರವರೆಲ್ಲ ಇದ್ದಾರೆ, ಅವರಿಲ್ಲ. ಮದುವೆ ಮುಂಜಿಗಳ ಆಲ್ಬಮ್ಮುಗಳಲ್ಲಿ ಅವರು ಸಿಕ್ಕಲ್ಲೆಲ್ಲ ಅರ್ಧ ಮುಖ, ಉಳಿದರ್ಧ ಅಂಗೈ. ಗಂಡ ಬಂದು ನನ್ನೆದುರು ಕೂತರು.

"ನಿನ್ನ ಕ್ಯಾಮೆರಾದಾಗ ಹಂಪಿ ಹೊಳಿದು ಒಂದಿತ್ತಲ್ಲ?"

"ಅಳಸಿದ್ನಲ್ರೀ. ಅತ್ತಿ ಹೇಳಿದ್ರಲ್ಲ ಆವತ್ತು."

"ಹೌದಲ್ಲ" ಎಂದು ಎದ್ದರು. ಬಾಗಿಲ ಹತ್ತಿರ ನಿಂತು, "ಅವ್ವ ನಕ್ಕಿದ್ದು ನಾ ಸರಿಯಾಗಿ ನೋಡಿಲ್ಲ. ಆವತ್ತು ಟೀವಿಯಾಗ ಕಂಡಿದ್ದೊಂದs. ಅದನ್ನೂ ನಾಚಿಕಿಗೆ ಮಾರಿ ತಿರುವಿಬಿಟ್ಟೆ" ಎಂದರು.

ಅವರು ಹೊರಗೆ ಹೋದ ಮೇಲೆ ಕೋಣೆಯ ಬಾಗಿಲು ಹಾಕಿಕೊಂಡು ಕ್ಯಾಮೆರಾ ತೆಗೆದೆ. ಫೋಟೋ ಅಲ್ಲೇ ಇತ್ತು. ಅದನ್ನು ಹೊರಗೆ ತಂದು, ನೋಡಿ, ಅಳಿಸಿರಲಿಲ್ಲ ಎಂದಿದ್ದರೆ ಗಂಡ ನನ್ನ ಕೈ ಹಿಡಿದು ಅಳುತ್ತಿದ್ದರು. ನಾದಿನಿ ತಬ್ಬಿಕೊಳ್ಳುತ್ತಿದ್ದಳು. ಅಳಿಯನೂ ಈಗ ತಲೆ ತಗ್ಗಿಸುತ್ತಿರಲಿಲ್ಲ. ಸ್ಟುಡಿಯೋದವನಿಗೆ ಹೇಳಿ ಕೈಯಲ್ಲಿನ ಸೆಟ್ಟನ್ನು ಕತ್ತರಿಸಿ, ಬಾಯಿಗೆ ಹಲ್ಲು ಕೂಡಿಸಿಯೂ ಬಿಡಬಹುದಿತ್ತು. ನನ್ನ ಸುಳ್ಳಿಗೆ ಎಲ್ಲರೂ ಪುಣ್ಯವೆಂದು ಹೆಸರಿಡುತ್ತಿದ್ದರು. ಒಪ್ಪದಿರಬಹುದಾದವರು ಒಬ್ಬರೇ, ಅವರೇ ಇರಲಿಲ್ಲ.

"ಇಡ್ಲೇನು ಅತ್ತಿ, ಅಳಸ್ಲೇನು?" ಎಂದು ಬಾಯಿಬಿಟ್ಟೇ ಕೇಳಿದೆ. ಕೇಳುವಾಗಲೇ ನಾಚಿಕೆಯಾಯಿತು. ಅದಕ್ಕೆ ಅವರು ಹಿಟ್ಟು ನಾದುತ್ತ ಎಂದೋ ಉತ್ತರ ಕೊಟ್ಟಿದ್ದರು. ಕ್ಯಾಮೆರಾದ ಮೆಮೊರಿ ಕಾರ್ಡನ್ನು ಹೊರಗೆ ತೆಗೆದು ಹೊಲಿಗೆಯ ಕತ್ತರಿಯಿಂದ ಎರಡು ತುಂಡು ಮಾಡಿದೆ. ಗಿಳಿ, ಕಳಸ, ಪಂಚೆ ಹೊದ್ದ ಮಂಗ ಎಲ್ಲವೂ ಅದರ ಜೊತೆಗೇ ಹೋದವು.

ಗೋಡೆಗೆ ಬಂದದ್ದು ಆಧಾರ್ ಕಾರ್ಡಿನ ಫೋಟೋ. ಅದರಲ್ಲಿ ಎಲ್ಲರೂ ಕಳ್ಳರ ಹಾಗೆ ಕಾಣುತ್ತಾರೆ, ಅತ್ತೆ ಹೆದರಿದ ಕಳ್ಳಿಯ ಹಾಗೆ ಕಾಣುತ್ತಾರೆ. ಕೈ ಇಳಿಸಮ್ಮ ಎಂದು ಫೋಟೋ ತೆಗೆದವನು ಗದರಿರಬೇಕು, ತುಟಿಯನ್ನು ಬಿಗಿಯಾಗಿ ಒತ್ತಿ ಹಿಡಿದಿದ್ದಾರೆ. ದೊಡ್ಡದು ಮಾಡಿಸಿದ್ದಕ್ಕೆ ಮುಖವೆಲ್ಲ ಮಂಜುಮಂಜು. ಕಾರ್ಯಕ್ಕೆ ಬಂದವರು ಉಂಡು ಕೈ ತೊಳೆಯುತ್ತ ಆಡಿಕೊಂಡರು. "ಸೊಸಿ ಗಿಳಿ ಫೋಟೋ ತಗೀತಾಳ, ಗುಡಿ ಫೋಟೋ ತಗೀತಾಳ. ಮನ್ಯಾಗಿನ ಅತ್ತಿದೊಂದು ತಗದಿಲ್ಲ ನೋಡು." ನನಗೆ ಕೇಳಲಿ ಎಂದೇ ಆಡಿದ ಮಾತು. ಇಂಥ ಮಾತಿಗೆ ನಾಲ್ಕು ಮಾತು ತಿರುಗಿಸಿ ಕೊಡುವವಳು ನಾನು. ಆವತ್ತು ತಲೆ ತಗ್ಗಿಸಿಕೊಂಡು ಎಲ್ಲರಿಗೂ ಎಲೆಅಡಿಕೆ ಕೊಟ್ಟೆ.

ಈಗ ಮಗಳು ಕಾಲೇಜಿಗೆ ಹೋಗುತ್ತಾಳೆ. ಅವಳ ಗೆಳತಿಯರಿಗೆ ಮೊಬೈಲಿನ ಫೋಟೋ ಬೇಸರವಾಗಿ ಹಳೆಯ ಪುಟ್ಟ ಕ್ಯಾಮೆರಾಗಳ ಹುಚ್ಚು ಹಿಡಿದಿದೆ. ಮೊನ್ನೆ ಕಪಾಟಿನಿಂದ ಎರಡನ್ನೂ ತೆಗೆದು ಮೇಜಿನ ಮೇಲಿಟ್ಟು, "ಮಮ್ಮಿ, ದಿನಾ ಕೈಯಾಗ ಹಿಡಕೊಂಡು ಅಡ್ಡಾಡಾಕ ಇವೆರಡರಾಗ ಯಾವುದು ಚಲೋ?" ಎಂದು ಕೇಳಿದಳು. ಒಂದು ಕಾಲದಲ್ಲಿ ನಾನು ಇದಕ್ಕೆ ಒಂದು ಗಂಟೆ ಪಾಠ ಮಾಡುತ್ತಿದ್ದೆ. "ಕರಿದು ಭಾಳ ಸ್ಪಷ್ಟ ತಗೀತೈತಿ, ಎಷ್ಟ್ ದೂರ ಇದ್ರೂ ಬರತೈತಿ. ಅಜ್ಜಿದು ಹತ್ರ ಹೋದ್ರಷ್ಟs ಬರತೈತಿ" ಎಂದೆ. "ಹಂಗಾದ್ರ ಕರಿದು ಚಲೋ ಅಲ್ಲಾ?" ಎಂದಳು. "ಅಜ್ಜಿದು ತಗೋ" ಎಂದೆ. ಯಾಕೆ ಎಂದು ಕೇಳಿದಳು. ಅದಕ್ಕೇ ಇದನ್ನೆಲ್ಲ ಬರೆಯಲು ಕೂತೆ.

ಬರೆದು ಮುಗಿಸಿ, ಮಗಳಿಗೆ ಕೊಡುವ ಮುಂಚೆ ಗಂಡನ ಕೈಗೆ ಕೊಟ್ಟೆ. ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಓದಿದರು. ಕತ್ತರಿಯ ಜಾಗ ಬಂದಾಗ ಹಾಳೆ ಕೆಳಗಿಟ್ಟದ್ದು ಅಡುಗೆಮನೆಯ ಕಿಟಕಿಯಿಂದ ಕಂಡಿತು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬಡಿಸಿದ್ದನ್ನು ಉಂಡು ಎದ್ದು ಹೋಗುತ್ತಿದ್ದರು. ಮೂರನೆಯ ದಿನ ಹಾಳೆಗಳನ್ನು ತಂದು ನನ್ನ ಮುಂದಿಟ್ಟರು.

"ಇಡ್ಲೇನ್ರಿ, ಅಳಸ್ಲೇನು?" ಎಂದು ಕೇಳಿದೆ.

"ಇಡು" ಎಂದರು. "ಹೆಸರು ಮಾತ್ರ ಬರೀಬ್ಯಾಡ." ಆಮೇಲೆ ಗೋಡೆಯ ಫೋಟೋದ ಕಡೆ ನೋಡುತ್ತ, "ಮಂಗ್ಯಾ ಪಂಚಿ ಹೊತ್ತಿದ್ದು ಬರದೀ. ಅವ್ವ ಹೆಂಗ ನಕ್ಕಳು ಅನ್ನೋದು ಬರದೇ ಇಲ್ಲಲ್ಲ. ನೋಡಿದಾಕಿ ನೀ ಒಬ್ಬಾಕಿ" ಎಂದರು. ಹೇಳುತ್ತ ಅವರ ಎಡಗೈ ಬಾಯಿಯ ಮೇಲೆ ಹೋಯಿತು.

ಬರೆಯಲಿಲ್ಲ. ಅವರ ಪಕ್ಕಕ್ಕೆ ಹೋಗಿ ಕೂತು, ಅವರೊಬ್ಬರಿಗೇ ಕೇಳುವ ಹಾಗೆ ಹೇಳಿದೆ.